ಎಲ್ಲರ ಬಾಯಲ್ಲಿರುವ ಮಾತು

ಮಾರ್ಚ್ ೩, ಸೋಮವಾರ

ತಮ್ಮ ಬೆಳಿಗ್ಗೆ ಮತ್ತೆ ಅರ್ಧ ಲೋಟ ಟೀ ಬಿಟ್ಟ. ಮುಖ ಒರೆಸಿ, ಬಲಗೈಗೆ ಚೆಂಡು ಕೊಟ್ಟು ಹಿಸುಕಿಸಿದೆ. ಹಿಡಿತ ನಿನ್ನೆಯಷ್ಟೇ. ಅಥವಾ ಕಡಿಮೆಯೋ... ಗೊತ್ತಾಗುವುದಿಲ್ಲ. ಮಗಳು ಕಾಲೇಜಿಗೆ ಹೊರಡುವ ಮೊದಲು ತನ್ನ ಮಾಮನ ತಲೆ ಬಾಚಿದಳು. ಹೊಲಿಗೆ ಬಿದ್ದ ಕಡೆ ಇನ್ನೂ ಕೂದಲು ಬಂದಿಲ್ಲ.

ಇಸ್ತ್ರಿ ಅಂಗಡಿಗೆ ಕೆಲಸಕ್ಕೆ ಹೋಗುವಾಗ ಕೆಳಗಿನ ಮನೆ ಅಜ್ಜಿಗೆ ಹೇಳಿ ಹೋಗುತ್ತೇನೆ, ಸದ್ದಾದರೆ ಸ್ವಲ್ಪ ನೋಡಿ ಅಂತ. ಅಜ್ಜಿಗೆ ಕಿವಿ ಮಂದ. ಅದೂ ಒಂದು ಚಿಂತೆ.

ಬಸ್ಸಿನ ಟಾಪ್ ಮೇಲಿಂದ ತಮ್ಮ ಬಿದ್ದು ಎರಡು ತಿಂಗಳ ಮೇಲಾಯಿತು. ಗ್ಯಾರೇಜಿನಲ್ಲಿ ಲಗೇಜ್ ಕಂಬಿ ಬಿಗಿ ಮಾಡುತ್ತಿದ್ದನಂತೆ. ತಲೆಗೆ ಪೆಟ್ಟು. ಜೀವ ಉಳಿಯಿತು, ಮಾತು ಹೋಯಿತು. ಪೂರ್ತಿ ಹೋಗಿದ್ದರೆ ನೋಡಿದವರಿಗೆ ಅರ್ಥವಾಗುತ್ತಿತ್ತು. ಇವನ ಬಾಯಲ್ಲಿ ಆ ಕಾರ್ಟೂನಿನ ಮಾತುಗಳು ಮಾತ್ರ ಉಳಿದಿವೆ. ನೀರು ಬೇಕೆಂದರೂ ಅದೇ, ಅಳು ಬಂದರೂ ಅದೇ.

ಅದೇ, ಆಕಾಶದಲ್ಲಿ ಓಡುವ ಬಸ್ಸು. ಗ್ರಹದಿಂದ ಗ್ರಹಕ್ಕೆ ಜನ ಸಾಗಿಸುತ್ತದೆ. ಡ್ರೈವರ್‌ಗೆ ಕ್ಯಾಪ್ಟನ್ ಅನ್ನುತ್ತಾರೆ. ಕಂಡಕ್ಟರ್ ಒಂದು ತಗಡಿನ ರೋಬೋಟ್, ಹೆಸರು ಚಿಲ್ಲರೆ. ಮಗಳು ಚಿಕ್ಕವಳಿದ್ದಾಗಿಂದ ಮಾಮನೂ ಅವಳೂ ಟಿವಿ ಮುಂದೆ ಕೂತರೆ ಏಳುತ್ತಿರಲಿಲ್ಲ. ನಾನು ಒಂದು ದಿನವೂ ಪೂರ್ತಿ ನೋಡಿದವಳಲ್ಲ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅದರ ವೇಗ ನನ್ನ ತಲೆಗೆ ಹತ್ತುತ್ತಿರಲಿಲ್ಲ.

ಮಾರ್ಚ್ ೭, ಶುಕ್ರವಾರ

ಮಾತು ಕಲಿಸುವ ಮೇಡಂ ಹತ್ತಿರ ಕರೆದುಕೊಂಡು ಹೋಗಿದ್ದೆ. ಹೊಸದಾಗಿ ಮಾತು ಕಟ್ಟುವ ಜಾಗಕ್ಕೆ ಏಟಾಗಿದೆಯಂತೆ. ಬಾಯಿಪಾಠ ಆದದ್ದು ಬೇರೆ ಕಡೆ ಇರುತ್ತದಂತೆ, ಅದು ಉಳಿದುಕೊಂಡಿದೆ. ಕೆಲವರಿಗೆ ಹಾಡು ಉಳಿಯುತ್ತದೆ, ಕೆಲವರಿಗೆ ಬೈಗುಳ. ಬೈಗುಳ ಉಳಿದಿದ್ದರೆ ಏನು ಗತಿಯಾಗುತ್ತಿತ್ತು ಅಂತ ದಾರಿಯುದ್ದಕ್ಕೂ ಯೋಚನೆ.

"ಅವರು ಒಂದು ಡೈಲಾಗ್ ಹೇಳಿದ್ರೆ ನೀವು ಅದರ ಮುಂದಿನದು ಹೇಳಿ. ಮಾತಾಡೋ ಆಸೆ ಬತ್ತಬಾರದು ನೋಡಿ."

"ಮುಂದಿನದು ನನಗೆ ಬರಲ್ಲ ಮೇಡಂ."

"ನಿಮಗೆ ಬರಲ್ವಾ?"

ಮೃಗಾಲಯದಲ್ಲಿ ಯಾವುದೋ ಹೊಸ ಪ್ರಾಣಿ ನೋಡಿದ ಹಾಗೆ ನೋಡಿದರು.

ಮಾರ್ಚ್ ೧೬, ಭಾನುವಾರ

ಗ್ಯಾರೇಜಿನವರು ಬಂದಿದ್ದರು. ಮೇಸ್ತ್ರಿ, ಜೊತೆಗೆ ನಾಲ್ಕು ಜನ. ಮೇಸ್ತ್ರಿ ಬಾಗಿಲಲ್ಲೇ ಶುರು ಮಾಡಿದರು.

"ಏನೋ ಬೋಲ್ಟು, ಅಕ್ಕನ ಕೈಲಿ ಸೇವೆ ಮಾಡಿಸ್ಕೊಂಡು ಮಹಾರಾಜನ ಹಾಗಿದೀಯಲ್ಲೋ."

ತಮ್ಮ ಅವರ ಮುಖ ನೋಡಿ, ತುಟಿ ಒದ್ದಾಡಿಸಿ, ಕೊನೆಗೆ ಹೇಳಿದ. "ಮುಂದಿನ ಸ್ಟಾಪ್ ಎರಡು ಸಾವಿರ ವರ್ಷ. ಇಳಿಯೋರು ಈಗ್ಲೇ ಎದ್ದೇಳಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಈ ಮನೆಯಲ್ಲಿ ಯಾರಾದರೂ ನಕ್ಕು ಎಷ್ಟು ಕಾಲವಾಗಿತ್ತೋ. ನಾನು ಒಳಗೆ ಹೋಗಿ ಬ್ರೆಡ್ಡು ಸಾಕಾಗುತ್ತದೋ ಇಲ್ಲವೋ ಅಂತ ಎಣಿಸುತ್ತಾ ನಿಂತೆ.

ಆಮೇಲೆ ಅವನು ಮೊಟ್ಟೆಯ ತಟ್ಟೆ ದೂರ ತಳ್ಳಿ, "ಒಳಗೆ ಜಾಗ ಇಲ್ಲ ಕ್ಯಾಪ್ಟನ್" ಅಂದ.

ಐದೂ ಜನ ಒಟ್ಟಿಗೆ ಕೂಗಿದರು, "ಹಾಗಾದ್ರೆ ಇನ್ನೊಂದು ಗ್ರಹ ಹತ್ಸು."

ಮೇಸ್ತ್ರಿ ಇನ್ನೊಂದು ಸಲ ಹೇಳಿಸಿ ಫೋನಿನಲ್ಲಿ ವಿಡಿಯೋ ತೆಗೆದುಕೊಂಡರು. ಬೇಡ ಅನ್ನಬೇಕು ಅನ್ನಿಸಿತು. ಯಾಕೆ ಬೇಡ ಅಂತ ಕೇಳಿದರೆ ಏನು ಹೇಳಲಿ ಅಂತ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಮಾರ್ಚ್ ೨೧, ಶುಕ್ರವಾರ

ಒಳಗೆ ಜಾಗ ಇಲ್ಲ ಕ್ಯಾಪ್ಟನ್ ಅನ್ನುವ ಈ ಮಾತು ಊರೆಲ್ಲ ಇದೆ. ಮೊದಲೂ ಇತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಟೋ ಹಿಂದೆ ಬರೆದಿದೆ. ಸೂಟ್‌ಕೇಸ್ ಜಾಹೀರಾತಿನಲ್ಲಿದೆ. ಜೈಲು ತುಂಬಿದೆ ಅನ್ನುವ ನ್ಯೂಸಿನಲ್ಲಿ ಟಿವಿಯವಳು ನಗು ತಡೆದುಕೊಂಡು ಅದನ್ನೇ ಹೇಳಿದಳು. ಪಕ್ಷ ಬಿಟ್ಟು ಬರುವವರನ್ನು ಸೇರಿಸಿಕೊಳ್ಳುತ್ತೀರಾ ಅಂತ ಕೇಳಿದರೆ ಒಬ್ಬ ದೊಡ್ಡ ಮನುಷ್ಯರು ಮೈಕಿನ ಮುಂದೆ ಅದನ್ನೇ ಅಂದರಂತೆ, ಸುತ್ತ ಇದ್ದವರು ಚಪ್ಪಾಳೆ ಹೊಡೆದರಂತೆ. ಅಂಗಡಿಗೆ ಬರುವ ಟೀ ಶರ್ಟಿನ ಮೇಲೂ ಚಿಲ್ಲರೆಯ ಚೌಕ ಮೂತಿ. ಅದನ್ನು ಒಳಮಗ್ಗಲು ಮಾಡಿಯೇ ಇಸ್ತ್ರಿ ಹಾಕಬೇಕು, ಇಲ್ಲದಿದ್ದರೆ ಮೂತಿ ಪೆಟ್ಟಿಗೆಗೆ ಅಂಟಿಕೊಂಡು ಬರುತ್ತದೆ.

ಮಗಳು ಉತ್ತರಗಳನ್ನು ಹೇಳಿಕೊಟ್ಟಳು. ಎಂಟೋ ಒಂಬತ್ತೋ ಇವೆ. ಇಸ್ತ್ರಿ ತಿಕ್ಕುತ್ತಾ ಬಾಯಿಪಾಠ ಮಾಡಿದೆ. ಸಂಜೆ ಅವನು ಗಂಜಿ ಬಟ್ಟಲು ತಳ್ಳಿ ಆ ಮಾತು ಹೇಳಿದ. ನಾನು ತಕ್ಷಣ, "ಹಾಗಾದ್ರೆ ಇನ್ನೊಂದು ಗ್ರಹ ಹತ್ಸು."

ಕಣ್ಣರಳಿಸಿ ನೋಡಿದ, ನಕ್ಕ. ಎಡಗೈಯಿಂದ ನನ್ನ ಕೆನ್ನೆ ತಟ್ಟಿದ. ಪರೀಕ್ಷೆ ಪಾಸಾದ ಹಾಗಾಯಿತು ನನಗೆ.

ಏಪ್ರಿಲ್ ೨, ಬುಧವಾರ

ಬರೆಯಲು ಆಗಿರಲಿಲ್ಲ. ಬೆಳಿಗ್ಗೆ ಎದ್ದರೆ ತಮ್ಮನಿಗೆ ವಾಂತಿ. ಹೊಟ್ಟೆಯಲ್ಲಿ ಏನೂ ಇರುವುದಿಲ್ಲ, ಆದರೂ ವಾಂತಿ. ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ಎಳೆಯುತ್ತಾನೆ. ಬಚ್ಚಲಿಗೆ ಹೋಗುವಷ್ಟರಲ್ಲಿ ಬಟ್ಟೆಯಲ್ಲೇ ಆಗಿಬಿಡುತ್ತದೆ. ಹೋದ ತಿಂಗಳು ಹೀಗಿರಲಿಲ್ಲ. ಇರಲಿಲ್ಲ ತಾನೇ?

ಉಳಿದ ಡೈಲಾಗುಗಳೂ ಕಡಿಮೆಯಾಗಿವೆ. ದಿನವಿಡೀ ಅದೊಂದೇ. ಒಳಗೆ ಜಾಗ ಇಲ್ಲ ಕ್ಯಾಪ್ಟನ್.

ಮಗಳಿಗೆ ಹೇಳಿದೆ. "ಅಮ್ಮಾ, ನೀನು ಮತ್ತೆ ಶುರು ಮಾಡ್ಬೇಡ. ನಾನು ಬಸ್ ಇಳಿದು ಫೋನ್ ಮಾಡೋದು ಐದು ನಿಮಿಷ ಲೇಟಾದ್ರೂ ಪೊಲೀಸರಿಗೆ ಹೇಳ್ಬೇಕು ಅಂತೀಯ ನೀನು." ಸುಳ್ಳಲ್ಲ. ಅಂದಿದ್ದೇನೆ.

ಮೇಸ್ತ್ರಿಗೆ ಫೋನ್ ಮಾಡಿದೆ. "ಅಕ್ಕಾ, ಹೊಟ್ಟೆ ತುಂಬಿದೆ ಅಂತ ಹೇಳ್ತಿದಾನೆ ಅಷ್ಟೇ. ಎಲ್ಲರೂ ಊಟ ಆದ್ಮೇಲೆ ಅದನ್ನೇ ತಾನೇ ಹೇಳೋದು. ಅಂದಹಾಗೆ ನಮ್ ಬೋಲ್ಟು ವಿಡಿಯೋ ಎಲ್ಲಿಗೆ ಹೋಗಿದೆ ಗೊತ್ತಾ ನಿಮಗೆ? ನನ್ನ ಷಡ್ಡಕ ಇರೋ ದೇಶದವರೆಗೂ ಹೋಗಿದೆ."

ಊಟ ಆದಮೇಲೆ ಹೇಳುತ್ತಿಲ್ಲ ಅವನು. ಎದ್ದ ಕೂಡಲೇ ಹೇಳುತ್ತಾನೆ.

ಏಪ್ರಿಲ್ ೪, ಶುಕ್ರವಾರ

ಅಂಗಡಿಗೆ ರಜೆ ಹಾಕಿ ಆಸ್ಪತ್ರೆಗೆ ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರು. ಒಳ್ಳೆಯವರ ಹಾಗೇ ಕಂಡರು. ವಾಂತಿಯ ವಿಷಯ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇವನು ಅವರ ಕೈ ಹಿಡಿದು, "ಒಳಗೆ ಜಾಗ ಇಲ್ಲ ಕ್ಯಾಪ್ಟನ್."

ಡಾಕ್ಟರು ಪೆನ್ನು ಕೆಳಗಿಟ್ಟರು. ಮುಖವೆಲ್ಲ ಬೆಳಕು. "ಹಾಗಾದ್ರೆ ಇನ್ನೊಂದು ಗ್ರಹ ಹತ್ಸು. ಅರೆ, ಆ ವಿಡಿಯೋದಲ್ಲಿರೋರು ನೀವೇ ಅಲ್ವಾ?"

ಪಕ್ಕದ ಕೋಣೆಯ ಡಾಕ್ಟರನ್ನು ಕರೆದರು. ನರ್ಸನ್ನೂ ಕರೆದರು. ಇವನು ಮತ್ತೆ ಹೇಳಿದ, ಅವರು ಮತ್ತೆ ಉತ್ತರ ಕೊಟ್ಟರು. ಹೊರಗೆ ಕ್ಯೂ ಉದ್ದ ಇತ್ತು. ವಾಂತಿ, ಕಾಲು, ಬಟ್ಟೆಯಲ್ಲೇ ಆಗುವುದು... ಎಲ್ಲ ಹೇಳಿದೆ, ಆದರೆ ತಡಬಡಾಯಿಸಿದೆ, ಹಿಂದುಮುಂದಾಯಿತು. ನನ್ನ ಮಾತು ಯಾವತ್ತೂ ಹಾಗೇ.

"ಲವಲವಿಕೆಯಿಂದ ಇದ್ದಾರಲ್ಲ ಅಮ್ಮ. ಗ್ಯಾಸ್ಟ್ರಿಕ್ ಇರಬೇಕು. ನೀವು ಸರಿಯಾಗಿ ನಿದ್ದೆ ಮಾಡ್ತೀರಾ?"

"ಇಲ್ಲ ಸಾರ್."

ಅವನಿಗೆ ಗ್ಯಾಸಿನ ಮಾತ್ರೆ ಬರೆದರು. ನನಗೆ ಚಿಂತೆ ಕಡಿಮೆಯಾಗುವ ಮಾತ್ರೆ.

ಏಪ್ರಿಲ್ ೧೧, ಶುಕ್ರವಾರ

ಬೆಳಿಗ್ಗೆ ಎದ್ದು ಕೂತ. ಆ ಮಾತು. ನಾನು ಟೀ ಸೋಸುತ್ತಾ, ಆ ಕಡೆ ತಿರುಗದೆ, ಉತ್ತರ ಹೇಳಿದೆ. ಬಾಯಿಗೆ ರೂಢಿಯಾಗಿಬಿಟ್ಟಿದೆ.

ಸ್ಟೂಲಿನ ಮೇಲಿದ್ದ ತಟ್ಟೆ ಬಂದು ಗೋಡೆಗೆ ಬಡಿಯಿತು. ಎಡಗೈಯಲ್ಲಿ ಎಸೆದಿದ್ದ. ನನ್ನ ಮೇಲೆ ಅವನು ಯಾವತ್ತೂ ದನಿ ಎತ್ತಿದವನಲ್ಲ. ಅಪ್ಪ ಹೋದಮೇಲೆ ನನ್ನ ಸೆರಗು ಹಿಡಿದುಕೊಂಡೇ ಬೆಳೆದವನು.

ಮಗಳು ಓಡಿಬಂದು, "ಮಾಮಾ, ಯಾಕೆ ಮಾಮಾ" ಅಂತ ಅಳಲು ಶುರು ಮಾಡಿದಳು. ಅವನು ಗೋಡೆ ಕಡೆ ತಿರುಗಿ ಮಲಗಿದ. ಮಧ್ಯಾಹ್ನದವರೆಗೂ ಏಳಲಿಲ್ಲ. ಮಾತು ಕಲಿಸುವ ಮೇಡಂಗೆ ಫೋನ್ ಮಾಡಿದರೆ, ಹತಾಶೆ ಸಹಜ, ನೀವು ಉತ್ತರ ಕೊಡೋದು ನಿಲ್ಲಿಸಬೇಡಿ, ಅಂದರು.

ಏಪ್ರಿಲ್ ೧೩, ಭಾನುವಾರ, ಮಧ್ಯಾಹ್ನ

ಆ ಮಾತು ಬರುವ ಕಡೆ ಏನು ನಡೆಯುತ್ತದೆ ಅಂತ ಕಂಡಕಂಡವರನ್ನು ಕೇಳಿದೆ. ಅಂಗಡಿಗೆ ಬರುವವರು, ಮೇಸ್ತ್ರಿ, ಮೆಡಿಕಲ್ ಶಾಪಿನವನು. ಮಾತು ಎಲ್ಲರಿಗೂ ಗೊತ್ತು. ಎಲ್ಲಿ ಬರುತ್ತದೆ ಅಂತ ಒಬ್ಬರಿಗೂ ನೆನಪಿಲ್ಲ. "ಬಸ್ಸಿನಲ್ಲಿ ಏನೋ ಕಾಮಿಡಿ ಅಕ್ಕಾ" ಅನ್ನುತ್ತಾರೆ.

ಮಗಳು ಕೊನೆಗೆ ಹುಡುಕಿ ತೆಗೆದಳು. ಹಳೆಯದು. ಫೋನಿನಲ್ಲಿ ನಾವಿಬ್ಬರೂ ನೋಡಿದೆವು.

ನಾನು ಅದು ಕೂಗಿ ಹೇಳುವ ಮಾತು ಅಂದುಕೊಂಡಿದ್ದೆ. ಎಲ್ಲರೂ ಕೂಗಿಯೇ ಹೇಳುತ್ತಾರೆ. ಅಲ್ಲಿ ಚಿಲ್ಲರೆ ಅದನ್ನು ಮೆಲ್ಲಗೆ ಹೇಳುತ್ತದೆ. ಏಳೆಂಟು ಗ್ರಹದವರು ನುಗ್ಗಿ, ಚಿಲ್ಲರೆ ಬಾಗಿಲಿಗೆ ಒತ್ತಿಕೊಂಡು ನಿಂತಿದೆ. ತಗಡು ಒಳಕ್ಕೆ ಕುಳಿ ಬಿದ್ದಿದೆ, ಒಂದು ಕಣ್ಣಿನ ಬಲ್ಬು ಮಿಣುಕುತ್ತಿದೆ. ಹೇಳುತ್ತದೆ. ಕ್ಯಾಪ್ಟನ್ ಹಿಂದೆ ತಿರುಗುವುದಿಲ್ಲ. ಕನ್ನಡಿಯಲ್ಲಿ ಕೂಡ ನೋಡುವುದಿಲ್ಲ. ಸ್ಟೀರಿಂಗ್ ಹಿಡಿದು ಉತ್ತರ ಕೊಟ್ಟುಬಿಡುತ್ತಾನೆ. ಟಿವಿಯೊಳಗಿನ ಜನ ನಗುತ್ತಾರೆ.

ಮಗಳೂ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು.

ಎದ್ದು ತಮ್ಮನ ಹತ್ತಿರ ಹೋದೆ. ಎಚ್ಚರವಿದ್ದ. ಹೇಳಿದ, ಮೆಲ್ಲಗೆ. ನಾನು ಉತ್ತರ ಕೊಡಲಿಲ್ಲ. ಮಂಚದ ಪಕ್ಕ ಕೂತು, "ಎಲ್ಲಿ ಕಣಪ್ಪ?" ಅಂತ ಕೇಳಿದೆ.

ನನ್ನ ಕೈ ಹಿಡಿದುಕೊಂಡ. ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡ. ಒತ್ತಿ ಹಿಡಿದ. ಬಿಡಲೇ ಇಲ್ಲ.

ಏಪ್ರಿಲ್ ೧೪, ಸೋಮವಾರ

ಹೆಚ್ಚು ಬರೆಯಲು ಕೈ ಬರುತ್ತಿಲ್ಲ. ವಾರ್ಡಿನ ಹೊರಗೆ ಬೆಂಚಿದೆ, ಅಲ್ಲಿ ಕೂತಿದ್ದೇನೆ.

ಬೆಳಿಗ್ಗೆಯೇ ಅವನನ್ನು ಆಟೋದಲ್ಲಿ ಕರೆತಂದೆವು. ಈ ಸಲ ಹಿರಿಯ ಡಾಕ್ಟರಮ್ಮ ಇದ್ದರು. ಕಿರಿಯವರೂ ಪಕ್ಕದಲ್ಲಿದ್ದರು, ಇವನನ್ನು ಕಂಡು ಆಗಲೇ ನಗು ಶುರುವಾಗಿತ್ತು. ತಮ್ಮ ತುಟಿ ಬಿಚ್ಚಿದ. ನಾನು ಅವನ ಬಾಯಿಗೆ ಕೈ ಅಡ್ಡ ಇಟ್ಟೆ. ನನ್ನ ತಮ್ಮನ ಬಾಯಿ, ಉಳಿದದ್ದೇ ಒಂದು ಮಾತು, ಅದನ್ನೂ ಮುಚ್ಚಿದೆ.

"ಅಮ್ಮಾ, ಇವನು ಹೇಳಿದ್ರೆ ನೀವು ನಗ್ತೀರ. ನಾನು ಹೇಳ್ತೀನಿ. ಇವನ ತಲೇಲಿ ಏನೋ ಆಗ್ತಿದೆ. ಫೋಟೋ ತೆಗೀರಿ. ತೆಗೆಯೋವರೆಗೂ ನಾನು ಈ ಕುರ್ಚಿ ಬಿಟ್ಟು ಏಳಲ್ಲ."

ಎಲ್ಲಿಂದ ಬಂತೋ ಅಷ್ಟು ಧೈರ್ಯ.

ಡಾಕ್ಟರಮ್ಮ ಇವನನ್ನು ನಡೆಸಿ ನೋಡಿದರು. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಅಷ್ಟಕ್ಕೇ ಮುಖ ಬದಲಾಯಿತು. ಸ್ಕ್ಯಾನ್ ಆಯಿತು. ತಲೆಯೊಳಗೆ ನೀರು ತುಂಬಿಕೊಂಡು ಮಿದುಳನ್ನು ಒಳಗಿನಿಂದ ತಲೆಬುರುಡೆಗೆ ಒತ್ತುತ್ತಿದೆಯಂತೆ. ಏಟು ಬಿದ್ದವರಿಗೆ ಕೆಲವು ವಾರ ಕಳೆದ ಮೇಲೆ ಹಾಗಾಗುವುದುಂಟಂತೆ. ನಾಳೆಯೇ ಆಪರೇಷನ್.

"ಇಷ್ಟು ದಿನ ಯಾಕಮ್ಮ ಸುಮ್ಮನಿದ್ರಿ? ಅವರು ತಲೆನೋವು ಅಂತ ಏನೂ ಹೇಳಲಿಲ್ವಾ?"

ಕಿರಿಯ ಡಾಕ್ಟರು ನೆಲ ನೋಡುತ್ತಿದ್ದರು. ನಾನೂ ನೆಲ ನೋಡಿದೆ.

ಏಪ್ರಿಲ್ ೨೯, ಮಂಗಳವಾರ

ಮನೆಗೆ ಬಂದಿದ್ದೇವೆ. ಅವನ ಕಿವಿಯ ಹಿಂದಿನಿಂದ ಚರ್ಮದ ಕೆಳಗೆ ಒಂದು ಕೊಳವೆ ಕತ್ತಿನಲ್ಲಿ ಇಳಿದು ಹೊಟ್ಟೆಗೆ ಹೋಗುತ್ತದೆ. ತಲೆಯ ನೀರು ಹೊಟ್ಟೆಗೆ. ಮುಟ್ಟಿದರೆ ಬೆರಳಿಗೆ ಸಿಗುತ್ತದೆ, ಇಸ್ತ್ರಿ ಪೆಟ್ಟಿಗೆಯ ವೈರಿನಷ್ಟು ದಪ್ಪ. ವಾಂತಿ ನಿಂತಿದೆ. ಗಂಜಿ ಪೂರ್ತಿ ಕುಡಿಯುತ್ತಾನೆ. ಕಾಲು ಪರವಾಗಿಲ್ಲ.

ಮಾತು ಒಂದೂ ಇಲ್ಲ. ಆ ಡೈಲಾಗುಗಳೂ ಹೋದವು. ತಡವಾಯಿತು, ಎಷ್ಟು ವಾಪಸ್ ಬರುತ್ತದೋ ಹೇಳಲಾಗದು, ಅಂದರು ಡಾಕ್ಟರಮ್ಮ.

ಮೇಸ್ತ್ರಿ ಬಂದಿದ್ದರು. ಒಬ್ಬರೇ. ಬಹಳ ಹೊತ್ತು ಕೂತು, ಕೊನೆಗೆ ಮೆಲ್ಲಗೆ ಹೇಳಿ ನೋಡಿದರು. "ಮುಂದಿನ ಸ್ಟಾಪ್ ಎರಡು ಸಾವಿರ ವರ್ಷ..." ತಮ್ಮ ಅವರ ಅಂಗಿಯ ಗುಂಡಿ ನೋಡುತ್ತಿದ್ದ. ಮೇಸ್ತ್ರಿ ಕಾದರು. ಆಮೇಲೆ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡು, "ವಿಡಿಯೋ ತೆಗೆಸಿಹಾಕ್ಬೇಕು ಅಂತ ಓಡಾಡಿದೆ ಅಕ್ಕಾ. ನನ್ನದನ್ನ ತೆಗೆದೆ. ಬೇರೆಯವರ ಹತ್ರ ಇರೋದನ್ನ ಹೇಗೆ ತೆಗೀಲಿ" ಅಂದರು. ಅದಕ್ಕೆ ಯಾರೋ ಮ್ಯೂಸಿಕ್ ಸೇರಿಸಿದ್ದಾರಂತೆ, ಮದುವೆಮನೆಗಳಲ್ಲಿ ಹಾಕಿಕೊಂಡು ಕುಣಿಯುತ್ತಾರಂತೆ.

ಚಹಾ ಕುಡಿಯದೆ ಎದ್ದು ಹೋದರು.

ಕೊಳವೆ ಕಟ್ಟಿಕೊಳ್ಳುವುದುಂಟಂತೆ. ವಾಂತಿಯಾದರೆ, ಸುಮ್ಮನೆ ನಿದ್ದೆ ಹೆಚ್ಚಾದರೆ, ಕರೆದಾಗ ಏಳದಿದ್ದರೆ, ಒಂದು ಗಳಿಗೆಯೂ ಕಾಯದೆ ಕರೆತರಬೇಕು. "ನಿಮ್ಮ ಹಾಗೆ ಚಿಂತೆ ಮಾಡೋರೇ ಬೇಕು ಇದಕ್ಕೆ" ಅಂದರು ಡಾಕ್ಟರಮ್ಮ. ಹೊಗಳಿದ್ದೋ ಏನೋ. ಹುಟ್ಟಿದಾಗಿಂದ ಇದಕ್ಕೆ ಬೈಸಿಕೊಂಡವಳು, ಈಗ ಇದೇ ನನ್ನ ಕೆಲಸ.

ಮೇ ೪, ಭಾನುವಾರ, ಮಧ್ಯಾಹ್ನ ಮೂರು

ಗಂಜಿ ಕುಡಿದು ಮಲಗಿದ. ಇವತ್ತು ಅರ್ಧ ಲೋಟ ಬಿಟ್ಟ. ಸೆಕೆ ಇದೆ, ಅದಕ್ಕೇ ಇರಬಹುದು. ನಿನ್ನೆ ಈ ಹೊತ್ತಿಗೆ ಎದ್ದು ಕೂತಿದ್ದ.

ಮಗಳು ಹೊರಗೆ ಹೋಗುವಾಗ ಬಗ್ಗಿ ನೋಡಿ, "ಮಲಗಲಿ ಬಿಡಮ್ಮ, ಎಷ್ಟು ದಿನ ಆಯ್ತು ಹೀಗೆ ನಿದ್ದೆ ಮಾಡಿ" ಅಂದಳು. ಅದೂ ನಿಜ. ಉಸಿರು ಸರಿಯಾಗಿದೆ. ಎದೆ ಏರುತ್ತಿದೆ, ಇಳಿಯುತ್ತಿದೆ. ನಿಧಾನ. ಯಾವಾಗಲೂ ಇಷ್ಟು ನಿಧಾನವೇ ಇತ್ತಾ... ನನ್ನ ಉಸಿರಿನ ಜೊತೆ ಹೋಲಿಸಿ ನೋಡಿದೆ. ನನ್ನದು ಓಡುತ್ತಿದೆ, ಅದರಿಂದ ಏನೂ ತಿಳಿಯುವುದಿಲ್ಲ.

ಎಬ್ಬಿಸಲೇ? ಸುಮ್ಮನೆ ಮಲಗಿದವನನ್ನು ಎಬ್ಬಿಸಿ ಹೆದರಿಸಿದ ಹಾಗಾದರೆ...

ಕರೆದೆ. ಹುಬ್ಬು ಸ್ವಲ್ಪ ಆಡಿತು. ಅಥವಾ ಫ್ಯಾನಿನ ಗಾಳಿಗೆ ನೆರಳು ಆಡಿತೋ. ಅಂಗೈ ತಿಕ್ಕಿದೆ. ಮತ್ತೆ ಕರೆದೆ, ಜೋರಾಗಿ. ರೆಪ್ಪೆ ಎತ್ತಿ ನೋಡಿದೆ, ಡಾಕ್ಟರಮ್ಮ ಮಾಡಿದ ಹಾಗೆ. ಕಣ್ಣು ನನ್ನ ಕಡೆ ಬರಲಿಲ್ಲ. ಮಗಳ ಫೋನ್ ಬಿಜಿ. ಕೆಳಗೆ ಆಟೋ ನಿಂತಿರುತ್ತದೆ, ಕಿಟಕಿಯಿಂದ ಕೂಗುತ್ತೇನೆ. ಬರೆಯುತ್ತಾ ಕೂರುವ ಹೊತ್ತಲ್ಲ ಇದು.