ಮೇಲಿನ ಅರ್ಧವೃತ್ತ

ಅಂಬಿಕಾ,

ನಿನ್ನ ವಿಳಾಸ ನನ್ನಲ್ಲಿಲ್ಲ, ಇದು ನಿನ್ನ ಕೈ ಸೇರುವುದಿಲ್ಲ, ಆದರೂ ಹೇಳಿಬಿಡುತ್ತೇನೆ. ಮಗನಿಗೆ ಮೂರು ತಿಂಗಳು. ನಿದ್ದೆಗೆಟ್ಟು, ಓದಿದ್ದೆಲ್ಲ ಮರೆತೇಹೋಯಿತೇನೋ ಎಂದು ಹೆದರಿದ್ದೆ. ಈ ಮಧ್ಯಾಹ್ನ ಮೇಲಿನ ಮನೆಯ ಅನುಪಮಾ ನೋಟ್‌ಬುಕ್ ಹಿಡಿದು ಬಂದಳು. ನಾಳೆ ಅವಳ ಎಂ.ಎಸ್ಸಿ. ಪರೀಕ್ಷೆ.

"ಅಕ್ಕಾ, ಒಂದು ಬೈ ಒಂದು ಪ್ಲಸ್ ಎಕ್ಸ್ ಸ್ಕ್ವೇರ್, ಮೈನಸ್ ಇನ್ಫಿನಿಟಿಯಿಂದ ಇನ್ಫಿನಿಟಿ ತನಕ ಇಂಟಿಗ್ರಲ್. ಎಷ್ಟು ಸಲ ಮಾಡಿದ್ರೂ ಸೊನ್ನಿನ ಬರಾಕತ್ತೈತ್ರಿ."

ಅಡ್ಡಗೆರೆಯ ಮೇಲಿನ ಐ, ಕೆಳಗಿನ ಮೈನಸ್ ಐ, ಎರಡೂ ಪೋಲ್‌ಗಳ ರೆಸಿಡ್ಯೂ ಕೂಡಿಸಿದ್ದಳು; ಒಂದನ್ನೊಂದು ಅಳಿಸಿ ಸೊನ್ನೆಯಾಗುತ್ತಿದ್ದವು. ನಾವಿಬ್ಬರೂ ಓದಿದ ಲಿಂಗಸುಗೂರಿನ ಕಾಲೇಜಿನಲ್ಲಿ, ಬೋರ್ಡಿನ ಮೇಲೆ ನಾನು ಮಾಡಿದ್ದೂ ಅದನ್ನೇ. ನೀನು ಅಂದಿದ್ದ ಮಾತೇ ನನ್ನ ಬಾಯಲ್ಲಿ ಬಂತು:

"ಗ್ರಾಫಿನ ಗೆರಿ ಎಲ್ಲೂ ಸೊನ್ನಿಗಿಂತ ಕೆಳಗ ಇಳಿಯಂಗಿಲ್ಲ. ಅದರ ಕೆಳಗಿನ ಜಾಗ ಸೊನ್ನಿ ಹೆಂಗಾಕ್ಕೈತಿ ಲೇ?"

ಅಂದು ಕ್ಲಾಸೆಲ್ಲ ನಕ್ಕಿತ್ತು. ಕೋರ್ಸ್ ಮುಗಿಯುವ ತನಕ ನಾನು ನಿನ್ನೊಡನೆ ಮಾತಾಡಲಿಲ್ಲ. ಅನುಪಮಾ ಮಾತ್ರ ತಾನೇ ನಕ್ಕಳು. ಮೇಲಿನ ಅರ್ಧವೃತ್ತವಷ್ಟೇ ಬರೆದೆವು; ಒಳಗೆ ಐ ಒಂದೇ ಉಳಿಯಿತು. ನಡುವೆ ಎರಡು ಸಲ ಎದ್ದು ಮಗುವಿನ ಉಸಿರು ನೋಡಿ ಬಂದೆ. ಉತ್ತರ ಪೈ ಬಂತು. ನಾನು ಮರೆತಿರಲಿಲ್ಲ.

"ಚಲೋ ತಿಳೀತ್ರಿ ಅಕ್ಕಾ. ನಿಮಗ ಯಾರು ಕಲಿಸಿದ್ರು?"

"ಅಂಬಿಕಾ ಅಂತ, ನನ್ನ ಗೆಳತಿ."

"ಈಗ ಎಲ್ಲಿ ಅದಾರ್ರಿ?"

"ಮಸ್ಕಿಯಾಗ," ಎಂದೆ. ಇನ್ನೂ ಅಲ್ಲೇ ಇದ್ದೀಯಲ್ಲ?