ಇನ್ನೊಬ್ಬರು ಬರಬೇಕು

ಜೂನ್ 18, ಮಂಗಳವಾರ

ಇವತ್ತೂ ಲೇಟು. ಭದ್ರಾವತಿಗೆ ಸರಿಯಾದ ಸಮಯಕ್ಕೇ ಬಂತು ಗಾಡಿ. ಜನ ಹತ್ತಿದರು, ಸಿಗ್ನಲ್ ಹಸಿರಾಯಿತು, ಕಡಲೆಕಾಯಿ ಮಾರುವವನೂ ಹತ್ತಿ ಕೂತ. ಗಾಡಿ ಮಾತ್ರ ಹೊರಡಲಿಲ್ಲ. ತಡೆಯಲಾರದೆ ಇಳಿದೆ. ಅರ್ಧ ಪ್ಲಾಟ್‌ಫಾರ್ಮ್ ನಡೆದು, ಕೊನೆಯ ಡಬ್ಬಿಯ ಹತ್ತಿರ ನಿಂತಿದ್ದ ಗಾರ್ಡ್ ಮಂಜಪ್ಪನನ್ನು ಕೂಗಿದೆ. ಹಸಿರು ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು ಮೇಲೆಲ್ಲೋ ನೋಡುತ್ತಿದ್ದ.

"ಏನ್ರೀ, ಮುಹೂರ್ತ ನೋಡ್ತಿದೀರಾ?"

"ಇನ್ನೊಬ್ರು ಬರ್ಬೇಕು ಮೇಡಂ. ಒಂದ್ನಿಮಿಷ."

ಇನ್ನೊಬ್ರಂತೆ! ಯಾರವರು, ಇವರ ಮಾವನ ಮಗನಾ? ಈಗ ಗಾರ್ಡ್ ಅನ್ನಬಾರದಂತೆ, ಟ್ರೇನ್ ಮ್ಯಾನೇಜರ್ ಅನ್ನಬೇಕಂತೆ. ಹೆಸರು ದೊಡ್ಡದಾಯಿತು, ಗಾಡಿ ಹೊರಡುವುದು ಮಾತ್ರ ಹಾಗೇ.

ಶಿವಮೊಗ್ಗದಲ್ಲಿ ಇಳಿದು, ಆಟೋದವನ ಪ್ರಾಣ ಹಿಂಡಿ ಸವಳಂಗ ರಸ್ತೆಯ ಸ್ಕೂಲು ಮುಟ್ಟಿದಾಗ ಪ್ರಾರ್ಥನೆ ಮುಗಿದಿತ್ತು. ಹಾಜರಿಯ ಹೆಬ್ಬೆಟ್ಟಿನ ಯಂತ್ರ ಕೆಂಪು ದೀಪ ತೋರಿಸಿತು. ಮೂರು ಸಲ ಕೆಂಪಾದರೆ ಒಂದು ರಜೆ ಖೋತಾ. ಹೆಡ್‌ಮಿಸ್ ಪ್ರೇಮಮ್ಮ ಹತ್ತನೇ ಕ್ಲಾಸಿನ ಮಕ್ಕಳೆದುರೇ ಅಂದರು — "ಭವಾನಿ, ಆ ಗಾಡಿಗೆ ನಿಮ್ಮ ಮೇಲೇ ಯಾಕಮ್ಮ ಸಿಟ್ಟು?" ಮಕ್ಕಳು ಕಿಸಕ್ ಅಂದವು. ಇಡೀ ದಿನ ಮೈ ಉರಿಯಿತು.

ಜೂನ್ 20, ಗುರುವಾರ

ಇನ್ನೊಬ್ರು ಯಾರು ಅಂತ ಇವತ್ತು ಗೊತ್ತಾಯಿತು. ಮತ್ಯಾರು — ಮನೋಹರ! ರೈಲ್ವೆ ನೌಕರರ ಯೂನಿಯನ್ ಲೀಡರ್. ಬಿಳಿ ಶರ್ಟು, ಕಪ್ಪು ಕನ್ನಡಕ, ಎರಡು ಫೋನು. ಕ್ಯಾಂಟೀನ್ ಮುಂದೆ ಟೀ ಲೋಟ ಹಿಡಿದು ಮಂಜಪ್ಪನ ಜೊತೆ ಮಾತಾಡುತ್ತಾ ನಿಂತಿದ್ದ. ಗಾಡಿ ಹೊರಡುವ ಹೊತ್ತಿಗೆ ಆರಾಮಾಗಿ ಬಂದು ಹತ್ತಿದ. ಇವನಿಗೋಸ್ಕರ ನಾವೆಲ್ಲ ಕಾಯಬೇಕು!

ತಿಂಗಳ ಪಾಸಿನಲ್ಲಿ ದಿನಾ ಓಡಾಡುವ ನಮ್ಮ ಬಳಗದವರು ಸುತ್ತುವರಿದೆವು. ತಾಲ್ಲೂಕು ಆಫೀಸಿನ ಉಮಾಮಹೇಶ್ವರ ನಯವಾಗಿ ಶುರು ಮಾಡಿದರು. ನನಗೆ ನಯ ಎಲ್ಲಿ ಬರಬೇಕು. "ದಿನಾ ಲೇಟ್ ಮಾಡಿ, ಹೆಬ್ಬೆಟ್ಟು ತಪ್ಪಿಸಿ ನಮ್ಮ ಹೊಟ್ಟೆ ಮೇಲೆ ಹೊಡೀತೀರಲ್ಲ" ಅಂದೆ.

ಕನ್ನಡಕ ತೆಗೆಯದೆಯೇ ಅಂದ — "ನಿಮ್ಮ ಹೆಬ್ಬೆಟ್ಟು ನಮ್ಮ ಸಮಸ್ಯೆ ಅಲ್ಲ ಮೇಡಂ. ನಮ್ಮೋರ ತಂಟೆಗೆ ಬಂದ್ರೆ ಗಾಡೀನೇ ಇರಲ್ಲ, ನೋಡ್ಕೊಳ್ಳಿ."

ಎಂಥಾ ದರ್ಪ! ಬಿಡಬಾರದು ಇವರನ್ನು.

ಜೂನ್ 24, ಸೋಮವಾರ

ಕಂಪ್ಲೇಂಟ್ ಹೋಯಿತು. ಗಾಡಿಯಲ್ಲೇ ಕೂತು ಉಮಾಮಹೇಶ್ವರ ಮೊಬೈಲಿನಲ್ಲಿ ಟೈಪ್ ಮಾಡಿದರು. ಆಮೇಲೆ ತಲೆಯೆತ್ತಿ, "ಇಂಥದ್ದು ದಿನಾ ನೂರು ಬರುತ್ತೆ ಅವರಿಗೆ. ಒಬ್ರಾದ್ರೂ ಕಣ್ಣಾರೆ ಕಂಡೋರು ಬೇಕು, ಇಲ್ದಿದ್ರೆ ಕಸದ ಬುಟ್ಟೀನೇ" ಅಂದರು.

ಎಲ್ಲರೂ ಕಿಟಕಿಯಾಚೆ ನೋಡಿದರು. ಎಂಥ ಗಂಡಸರಪ್ಪ ಇವರು! "ನನ್ನ ಹೆಸರು ಹಾಕಿ" ಅಂದೆ. ದಿನಾ ಗಾಡಿ ನಿಲ್ಲಿಸಿ, ಗಾರ್ಡ್ ಯೂನಿಯನ್ ಲೀಡರ್ ಜೊತೆ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಕೂರುತ್ತಾನೆ, ಕಣ್ಣಾರೆ ಕಂಡಿದ್ದೇನೆ — ಹೀಗೆ ಹೋಯಿತು. ಚಪ್ಪಾಳೆ ಬಿತ್ತು.

ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯವರಿಗೆ ಹೇಳಿದೆ. ಮಜ್ಜಿಗೆ ಕಲಸುತ್ತಾ ಕೇಳಿದರು — "ದಿನಾ ಕೂತಿದ್ದನ್ನ ನೋಡಿದ್ಯಾ ಮಾರಾಯ್ತಿ? ನೀನು ಕೂರೋದು ಮುಂದಿನ ಬೋಗೀಲಿ, ಗಾರ್ಡ್ ಇರೋದು ಹಿಂದೆ."

"ಒಂದಿನ ನೋಡಿದ್ದು ಸಾಲದಾ?"

"ಅವತ್ತು ಅವನ ಕೈಲೂ ಲೋಟ ಇತ್ತಾ?"

ಇರಲಿಲ್ಲ. ಮಂಜಪ್ಪನ ಕೈಯಲ್ಲಿ ಬಾವುಟ ಇತ್ತು. ಹಾಗಂತ ಇವರ ಹತ್ತಿರ ಒಪ್ಪಿಕೊಳ್ಳುವುದುಂಟೇ. "ಸುಮ್ನೆ ಊಟ ಮಾಡಿ" ಅಂದೆ.

ಜುಲೈ 3, ಬುಧವಾರ

ಗೆದ್ದೆವು! ವಿಚಾರಣೆ ಮುಗಿಯುವವರೆಗೆ ಮಂಜಪ್ಪನನ್ನು ಈ ಗಾಡಿಯಿಂದ ತೆಗೆದಿದ್ದಾರಂತೆ. ವಾಟ್ಸಾಪಿನಲ್ಲಿ ನನಗೆ ಹೂವು, ಚಪ್ಪಾಳೆ, ಸಿಂಹಿಣಿಯ ಚಿತ್ರ. ಸಿಂಹಿಣಿ ಅಂತೆ! ನಗು ಬಂತು. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಜುಲೈ 8, ಸೋಮವಾರ

ಹೊಸ ಗಾರ್ಡ್. ಗಾಡಿ ರೈಟ್ ಟೈಮ್. ಹೆಬ್ಬೆಟ್ಟು ಒತ್ತಿದೆ. ಹಸಿರು ದೀಪ. ಯಂತ್ರ "ಥ್ಯಾಂಕ್ ಯೂ" ಅಂದಿತು.

ಊಟ ಸೇರಲಿಲ್ಲ.

ಜುಲೈ 13, ಶನಿವಾರ

ಐದು ದಿನದಿಂದ ಬರೆಯಬೇಕೆಂದು ತೆಗೆಯುವುದು, ಮುಚ್ಚಿಡುವುದು. ಬರೆದು ಬಿಡುತ್ತೇನೆ.

ಸೋಮವಾರ ಪ್ಲಾಟ್‌ಫಾರ್ಮ್ ಕಡೆಯ ಕಿಟಕಿ ಸಿಕ್ಕಿತ್ತು. ಸಿಗ್ನಲ್ ಆದದ್ದೇ ತಡ, ಗಾಡಿ ಕದಲಿತು. ನಮ್ಮವರೆಲ್ಲ "ಓಹೋ" ಎಂದು ಕೂಗಿದರು. ನಾನೂ ಕೂಗಿದೆ. ಹಿಂದೆ ತಿರುಗಿ ನೋಡಿದೆ, ಹೊಸ ಗಾರ್ಡ್ ಹೇಗಿದ್ದಾನೆ ಅಂತ. ಕಂಡದ್ದು ಪದ್ಮಮ್ಮ.

ನಮ್ಮ ಕಾಗದನಗರದ ಪದ್ಮಮ್ಮ. ಬೆಳಿಗ್ಗೆ ನಮ್ಮ ಬೀದಿಯಲ್ಲೇ ಬರುತ್ತಾಳೆ. ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಯಾರ ಮನೆಯವರು ಮಲಗಿದ್ದಾರೋ, ಅವರ ಮನೆಗಳಿಂದ ಊಟದ ಕ್ಯಾರಿಯರ್ ಇಸಿದುಕೊಂಡು ಹೋಗಿ ಹಾಸಿಗೆ ಹಾಸಿಗೆಗೆ ಮುಟ್ಟಿಸುತ್ತಾಳೆ. ಪಕ್ಕದ ಮನೆ ಸರಸ್ವತಿಯ ಗಂಡನಿಗೂ ಅವಳೇ ಒಯ್ಯುವುದು. ಬಸ್ಸಿನಲ್ಲಿ ಹೋಗುತ್ತಾಳೆ ಅಂದುಕೊಂಡಿದ್ದೆ. ಕೇಳಿರಲಿಲ್ಲ.

ಮೇಲ್ಸೇತುವೆಯ ಮೆಟ್ಟಿಲು ಇಳಿಯುತ್ತಿದ್ದಳು. ಎರಡೂ ತೋಳಿಗೆ ಕ್ಯಾರಿಯರ್‌ಗಳು. ಗಾಡಿ ಕದಲಿದ್ದು ಕಂಡು ಓಡಲು ಹೋದಳು. ಕೊನೆಯ ಮೆಟ್ಟಿಲಲ್ಲಿ ಜಾರಿ, ಬಿದ್ದಳು. ಒಂದು ಕ್ಯಾರಿಯರ್ ಉರುಳಿಕೊಂಡು ಅಂಚಿನವರೆಗೂ ಬಂತು. ಅನ್ನ, ಸಾರು ಎಲ್ಲ ನೆಲಕ್ಕೆ.

ಚೈನು ನನ್ನ ತಲೆಯ ಮೇಲೇ ಇತ್ತು. ಎದ್ದೆ. ಕೈಯನ್ನೂ ಎತ್ತಿದೆ. ಆಗ ಹೆಬ್ಬೆಟ್ಟಿನ ಯಂತ್ರ ನೆನಪಾಯಿತು. ಇವತ್ತೇ ಮೊದಲ ಸಲ ರೈಟ್ ಟೈಮ್, ಇವತ್ತೇ ನಾನು ನಿಲ್ಲಿಸಿದರೆ ಬಳಗದವರು ಏನೆನ್ನುತ್ತಾರೆ ಅಂತಲೂ ಅನ್ನಿಸಿತು. ಎತ್ತಿದ ಕೈಯಲ್ಲಿ ಫ್ಯಾನಿನ ಸ್ವಿಚ್ ಹಾಕಿ ಕೂತೆ. ಮಳೆ ಹನಿಯುವ ದಿನ, ಫ್ಯಾನ್ ಯಾರಿಗೂ ಬೇಕಿರಲಿಲ್ಲ. ಎದುರು ಕೂತಿದ್ದವಳು "ಚಳಿ ಆಗುತ್ತೆ ರೀ" ಅಂದಳು. ಆರಿಸಿದೆ.

ಥೂ ನನ್ನ ಜನ್ಮಕ್ಕೆ.

ಜುಲೈ 14, ಭಾನುವಾರ

ಪದ್ಮಮ್ಮನ ಮನೆಗೆ ಹೋಗಿ ಬಂದೆ. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್. ನನ್ನನ್ನು ನೋಡಿ ಎಡಗೈಯಲ್ಲೇ ಚಾಪೆ ಎಳೆದಳು.

"ಬನ್ನಿ ಟೀಚರಮ್ಮ. ನೀವು ಬಂದ್ರಲ್ಲ, ನೋಡಿ, ಎಷ್ಟು ಖುಷಿ ಆಯ್ತು."

ಕ್ಯಾರಿಯರ್‌ಗಳ ಗತಿ ಏನು ಎಂದೆ. "ಏನ್ಮಾಡೋದು, ಅವ್ರವ್ರೇ ಬಸ್ಸಿಗೆ ಹೋಗ್ತಿದಾರೆ. ಮನೇಲಿ ಜನ ಇಲ್ದೋರ ಪೇಶೆಂಟು ಹೋಟ್ಲು ಇಡ್ಲಿ ತಿಂತಾರೆ."

ಆಮೇಲೆ ಅವಳಾಗಿಯೇ ಹೇಳಿದಳು. ನಾನು ಕೇಳಿರಲಿಲ್ಲ.

"ನಂಗೆ ಓಡಕ್ಕಾಗಲ್ವಲ್ಲ, ಓಡಿದ್ರೆ ಸಾರು ತುಳುಕುತ್ತೆ. ಎಲ್ಲರ ಮನೇಲೂ ಅಡುಗೆ ಆಗಿ ಇಸ್ಕೊಂಡು ಬರೋವಷ್ಟ್ರಲ್ಲಿ ಗಾಡಿ ಬಂದ್ಬಿಟ್ಟಿರ್ತಿತ್ತು. ಪಾಪ, ಆ ಗಾರ್ಡಪ್ಪ ಸೇತುವೆ ಕಡೆ ನೋಡ್ತಾ ನಿಂತಿರೋರು. ನಾನು ಇಳಿದ್ಮೇಲೇನೇ ಬಾವುಟ. ಕ್ಯಾರಿಯರ್ ಎಲ್ಲ ಅವರ ಡಬ್ಬೀಲೇ ಇಡಿಸೋರು. ಯಾರಿಗೂ ಹೇಳ್ಬೇಡಮ್ಮ, ರೂಲ್ಸಿನಲ್ಲಿ ಇಲ್ಲ ಇದು ಅಂದಿದ್ರು."

ಮೇಲೆಲ್ಲೋ ನೋಡುತ್ತಿದ್ದ ಎಂದು ನಾನೇ ಬರೆದಿದ್ದೇನೆ. ಸೇತುವೆ ಇದ್ದದ್ದು ಮೇಲೆ.

"ಯಾರೋ ಪಾಸಿನವರು ಕಂಪ್ಲೇಂಟ್ ಕೊಟ್ಬಿಟ್ರಂತೆ. ಅವರ ಕೈ ಸೇದೋಗ! ಟೀಚರಮ್ಮ, ನೀವು ಓದಿದೋರು. ದೊಡ್ಡೋರ ಹತ್ರ ಹೋಗಿ ಆ ಗಾರ್ಡಪ್ಪನ ಪರವಾಗಿ ಎರಡು ಮಾತು ಹೇಳ್ತೀರಾ?"

"ಹೇಳ್ತೀನಿ" ಅಂದೆ. ಮೂಸಂಬಿಯ ಚೀಲ ಇಟ್ಟು ಎದ್ದೆ. ಬಾಗಿಲವರೆಗೂ ಬಂದು, ಎಡಗೈಯಲ್ಲಿ ಕುಂಕುಮ ಕೊಡಬಾರದು ಅಂತ ಭರಣಿಯನ್ನೇ ನನ್ನ ಮುಂದೆ ಹಿಡಿದಳು. ನಾನೇ ಇಟ್ಟುಕೊಂಡೆ. ಮೂಗಿನ ಮೇಲೆಲ್ಲ ಉದುರಿತು.

ಜುಲೈ 22, ಸೋಮವಾರ

ಗುರುವಾರ ವಿಚಾರಣೆ. ಶಿವಮೊಗ್ಗ ಸ್ಟೇಷನ್ನಿನಲ್ಲಿ. ಉಮಾಮಹೇಶ್ವರ ಫೋನ್ ಮಾಡಿದ್ದರು — "ನೀವೇ ಮುಖ್ಯ ಸಾಕ್ಷಿ ಮೇಡಂ, ಧೈರ್ಯವಾಗಿರಿ." ಪದ್ಮಮ್ಮನ ವಿಷಯ ಹೇಳಿದೆ. "ಅದು ಬೇರೆ, ಇದು ಬೇರೆ. ಈಗ ಮಾತು ಬದಲಿಸಿದ್ರೆ ಎಲ್ಲರ ಮರ್ಯಾದೆ ಹೋಗುತ್ತೆ" ಅಂದರು. ಎಲ್ಲರ ಮರ್ಯಾದೆ ಅಂದರೆ ನನ್ನದು.

ಸಂಜೆ ಇಳಿಯುವಾಗ ಮನೋಹರ ಎದುರಿಗೇ ಬಂದ. ಬೆದರಿಸುತ್ತಾನೆ ಅಂದುಕೊಂಡೆ. ಬೆದರಿಸಿದ್ದರೆ ಒಳ್ಳೆಯದಿತ್ತು. ಕನ್ನಡಕ ತೆಗೆದ. ಕಣ್ಣು ಸಣ್ಣವು, ಕೆಂಪಗಿದ್ದವು.

"ಅವತ್ತು ನಾನು ಬಾಯಿಗೆ ಬಂದಂಗೆ ಮಾತಾಡಿದೆ. ತಪ್ಪಾಯ್ತು. ಆ ಸಿಟ್ಟನ್ನ ಮಂಜಪ್ಪಣ್ಣನ ಮೇಲೆ ತೀರಿಸ್ಬೇಡಿ ಮೇಡಂ. ಮುಂದಿನ ವರ್ಷ ರಿಟೈರ್ಮೆಂಟ್. ಪೆನ್ಶನ್ನಿಗೆ ಕುತ್ತು ಬರುತ್ತೆ. ಆ ಮನುಷ್ಯ, ಕ್ಯಾರಿಯರಮ್ಮನ ಹೆಸ್ರು ಎತ್ತಬೇಡ ಅಂತಾನೆ, ಅವಳ ಹೊಟ್ಟೆಪಾಡು ನಿಲ್ಲುತ್ತಂತೆ. ನೀವು ಕಂಡಿದ್ದನ್ನ ಕಂಡಂಗೆ ಹೇಳಿ, ಸಾಕು."

"ಬರ್ತೀನಿ" ಅಂದೆ.

ಹೋಗುತ್ತೇನೆ. ನೋಡಿಲ್ಲ ಸರ್, ಸಿಟ್ಟಿನಲ್ಲಿ ಸುಳ್ಳು ಹೇಳಿದೆ — ಇಷ್ಟೇ ತಾನೆ. ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಬಂತು.

ಜುಲೈ 25, ಗುರುವಾರ, ಮಧ್ಯಾಹ್ನ 12

ಹೋಗಲಿಲ್ಲ.

ಬೆಳಿಗ್ಗೆ ಸೀರೆ ಉಟ್ಟೆ. ಚಪ್ಪಲಿಯನ್ನೂ ಮೆಟ್ಟಿದೆ. ನಮ್ಮನೆಯವರು ಸ್ಟೇಷನ್ನಿಗೆ ಬಿಡಲು ಸ್ಕೂಟರ್ ತೆಗೆದರು. "ಯಾಕೋ ಮೈ ಬಿಸಿ" ಅಂದುಬಿಟ್ಟೆ. ಅವರು ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ. ಇಲ್ಲ ಅಂತ ಅವರು ಹೇಳಲೂ ಇಲ್ಲ. ಸ್ಕೂಟರ್ ಒಳಗಿಟ್ಟು ಪೇಪರ್ ಹಿಡಿದು ಕೂತರು.

ಫೋನ್ ಆಫ್ ಮಾಡಿ ಮಲಗಿದ್ದೇನೆ. ಸೀರೆ ಬಿಚ್ಚಿಲ್ಲ. ಐವತ್ತು ಮಕ್ಕಳಿಗೆ ದಿನಾ ನಿಜ ಹೇಳಿ, ನಿಜ ಹೇಳಿ ಎಂದು ಬಡಿದುಕೊಳ್ಳುವವಳು. ಒಬ್ಬ ಆಫೀಸರ್ ಎದುರು ಒಂದು ವಾಕ್ಯ ಹೇಳಲು ಧೈರ್ಯ ಬರಲಿಲ್ಲ.

ಜುಲೈ 28, ಭಾನುವಾರ

ಇಂಥ ಅವಮಾನ ಶತ್ರುವಿಗೂ ಬೇಡ. ಯಾರೂ ಬಯ್ಯಲಿಲ್ಲ. ಉಪಕಾರ ಸ್ಮರಿಸಿದರು!

ಕಣ್ಣಾರೆ ಕಂಡವಳೇ ಬರಲಿಲ್ಲವೆಂದು ಕಂಪ್ಲೇಂಟ್ ಬಿದ್ದುಹೋಯಿತಂತೆ. ಮಂಜಪ್ಪನವರು ವಾಪಸ್ ಬರುತ್ತಾರೆ. ಹಾಗಂತ ಸುಮ್ಮನೆ ಬಿಟ್ಟಿಲ್ಲ. ಇನ್ನು ಯಾರಿಗೋಸ್ಕರವೂ ಗಾಡಿ ನಿಲ್ಲಿಸಿದರೆ ಕ್ರಮ ತೆಗೆದುಕೊಳ್ಳುತ್ತೇವೆ ಎಂದು ಎಚ್ಚರಿಕೆ ಕೊಟ್ಟಿದ್ದಾರಂತೆ. ಇದನ್ನೆಲ್ಲ ಹೇಳಲು ಮನೋಹರ ಮನೆಗೇ ಬಂದ, ಒಂದು ಚಿಪ್ಪು ಬಾಳೆಹಣ್ಣಿನ ಜೊತೆ.

"ನೀವು ಬೇಕಂತಲೇ ಬರ್ಲಿಲ್ಲ ಅಂತ ನಂಗೊತ್ತು ಮೇಡಂ. ನಿಮ್ಮೋರನ್ನೂ ಬಿಟ್ಕೊಡ್ದೆ, ನಮ್ಮೋರನ್ನೂ ಉಳಿಸಿದ್ರಿ. ದೊಡ್ಡ ಮನಸ್ಸು."

ಅಲ್ಲ ಅನ್ನಬೇಕಿತ್ತು. "ಕಾಫಿ ತಗೊಳ್ಳಿ" ಅಂದೆ. ಕುಡಿದು ಹೋದ. ನಮ್ಮನೆಯವರು ನನ್ನ ಕಡೆ ನೋಡಲಿಲ್ಲ. ಬಾಳೆಹಣ್ಣನ್ನು ಅಡುಗೆಮನೆಯಲ್ಲಿಟ್ಟು ಬಂದರು. ಇಬ್ಬರೂ ಮುಟ್ಟಿಲ್ಲ.

ಆಗಸ್ಟ್ 1, ಗುರುವಾರ

ಸಂಜೆ ಪದ್ಮಮ್ಮನ ಮನೆಗೆ ಹೋದೆ. ಹೇಳಿದೆ. "ಕಂಪ್ಲೇಂಟ್ ಕೊಟ್ಟವಳು ನಾನೇ." ಅವತ್ತು ಚೈನ್ ಎಳೆಯದೇ ಕೂತದ್ದನ್ನೂ ಹೇಳಿದೆ.

ಅಕ್ಕಿ ಆರಿಸುತ್ತಿದ್ದಳು, ಎಡಗೈಯಲ್ಲಿ. ನಿಲ್ಲಿಸಲಿಲ್ಲ. ಮೊರದಿಂದ ತಲೆಯೆತ್ತದೆ, "ಕತ್ತಲಾಯ್ತು, ಹೋಗಿ ಟೀಚರಮ್ಮ" ಅಂದಳು. ಕುಂಕುಮದ ಭರಣಿ ತರಲಿಲ್ಲ.

ಆಗಸ್ಟ್ 5, ಸೋಮವಾರ, ಸ್ಟಾಫ್ ರೂಮ್

ಮೊದಲ ಪೀರಿಯಡ್ ಹೋಯಿತು. ಕೆಂಪು ದೀಪ. ಪ್ರೇಮಮ್ಮ ಏನೋ ಅಂದರು, ಕೇಳಿಸಲಿಲ್ಲ.

ಇವತ್ತು ಮಂಜಪ್ಪನವರು ಡ್ಯೂಟಿಗೆ ಬರುತ್ತಾರೆಂದು ಗೊತ್ತಿತ್ತು. ಏನಾದರಾಗಲಿ, ಎದುರಿಗೆ ಹೋಗಿ ಕೈಮುಗಿಯುತ್ತೇನೆ ಎಂದೇ ಹೊರಟದ್ದು. ಸೇತುವೆಯ ಮೇಲೆ ಬಂದಾಗ ಗಾಡಿ ನಿಂತಿತ್ತು. ಅವರು ಕೊನೆಯ ಡಬ್ಬಿಯ ಹತ್ತಿರ ನಿಂತಿದ್ದರು. ಕೂದಲು ಇನ್ನಷ್ಟು ಬೆಳ್ಳಗಾಗಿದೆ. ಈ ಗಾಡಿ ಹೋಗಲಿ, ಬಸ್ಸು ಹಿಡಿದರಾಯಿತು ಅಂದುಕೊಂಡೆ. ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಕಂಬದ ಮರೆಗೆ ನಿಂತೆ.

ಸಿಗ್ನಲ್ ಆಯಿತು. ಗಾಡಿ ಹೊರಡಲಿಲ್ಲ.

ಕೊಡೆ ಸ್ವಲ್ಪ ಸರಿಸಿ ನೋಡಿದೆ. ಅವರು ಮೇಲೆ ನೋಡುತ್ತಿದ್ದರು. ನನ್ನನ್ನೇ. ಬಾವುಟ ಕಂಕುಳಲ್ಲಿತ್ತು. ಹೋಗಿ, ಹೋಗಿ ಎಂದು ಕೈ ಬೀಸಿದೆ. ಬರುತ್ತಿದ್ದೇನೆ ಅಂತ ತಿಳಿದರೋ ಏನೋ, ತಲೆ ಆಡಿಸಿದರು.

ಕಿಟಕಿಗಳಿಂದ ತಲೆಗಳು ಹೊರಬಂದವು. ಉಮಾಮಹೇಶ್ವರ ಬಾಗಿಲಿಗೆ ಬಂದು ಕೂಗಿದರು — "ಏನ್ರೀ, ಬಂದ ಮೊದಲನೇ ದಿನಾನೇ ಶುರುವಾಯ್ತಾ? ಯಾರಿಗೆ ಕಾಯ್ತಿದೀರಾ?"

"ಇನ್ನೊಬ್ರು ಬರ್ಬೇಕು ಸಾರ್."

ನಾನು ನಿಂತಷ್ಟು ಹೊತ್ತೂ ಅವರಿಗೆ ಕುತ್ತು. ಕೊಡೆ ಮಡಚಿದೆ. ಇಳಿದೆ. ಇಡೀ ಗಾಡಿ ನೋಡುತ್ತಿತ್ತು. ನನ್ನನ್ನು ಕಂಡು ಬಳಗದವರ ಗಲಾಟೆ ಗಕ್ಕನೆ ನಿಂತಿತು. ಕೊನೆಯ ಮೆಟ್ಟಿಲಿಗೆ ಬಂದಾಗ ಕಂಬಿ ಹಿಡಿದುಕೊಂಡೆ. ಅವರು ಎರಡು ಹೆಜ್ಜೆ ಮುಂದೆ ಬಂದರು.

"ನಿಧಾನ ಟೀಚರೇ. ಅಲ್ಲಿ ಜಾರುತ್ತೆ."

ಕನ್ನಡಿ ಮುಂದೆ ಹೇಳಿಕೊಂಡಿದ್ದ ಮಾತು ಹೇಳಲು ಬಾಯಿ ತೆರೆದೆ. ಅವರು ಬಾವುಟ ಬಿಚ್ಚಿ, ನನಗಾಗಿ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತರು. ನಾನು ಕೈಮುಗಿದು, ಆ ಮಾತು ಹೇಳದೆಯೇ ಹತ್ತಿದೆ.