ಕಾಶಿಯಲ್ಲಿ ಬಿಟ್ಟ ಆಸ್ಪತ್ರೆ

ಕೇದಾರ ಘಾಟ್, ಕಾಶಿ
4 ನವೆಂಬರ್ 2024

ಹಠಮಾರಿ ಮಗಳು ಹರಿಪ್ರಿಯಾಳಿಗೆ, ಅವಳನ್ನೂ ಮೀರಿಸಿದ ಹಠಮಾರಿ ಅಮ್ಮನ ಆಶೀರ್ವಾದಗಳು.

ನಿನ್ನ ಸೊಂಟನೋವು ಹೇಗಿದೆ? ಅಳಿಯಂದಿರ ಕೆಮ್ಮು ಇಳಿಯಿತೇ? ರಾತ್ರಿ ಮೊಸರು ಬಡಿಸಬೇಡ, ಕೇಳಿದರೂ ಬಡಿಸಬೇಡ. ನಾನು ಚೆನ್ನಾಗಿದ್ದೇನೆ. ಕಣ್ಣಿನ ವಿಷಯ ಕೇಳುತ್ತೀಯೆಂದು ಗೊತ್ತು. ಪೊರೆ ಬಲಿತಿದೆ, ಗಂಗೆಯ ಆಚೆ ದಡ ಕಾಣುವುದಿಲ್ಲ, ಈಚೆಯ ಮೆಟ್ಟಿಲೂ ಅಷ್ಟಕ್ಕಷ್ಟೆ. ಈ ಸಾಲುಗಳು ಹತ್ತಿ ಇಳಿದಿದ್ದರೆ ಅದಕ್ಕೇ. ಆಪರೇಷನ್ ಮಾಡಿಸಿಕೋ ಎಂದು ಎರಡು ವರ್ಷದಿಂದ ಹೇಳುತ್ತಿದ್ದೀ. ಕಾಶಿಗೆ ಬಂದವರು ಏನನ್ನಾದರೂ ಬಿಡಬೇಕಲ್ಲ, ಎಲ್ಲರೂ ಹಣ್ಣೋ ತರಕಾರಿಯೋ ಬಿಟ್ಟರೆ ನಾನು ಕೈಯಲ್ಲಿ ಗಂಗಾಜಲ ಹಿಡಿದು ಆಸ್ಪತ್ರೆಯನ್ನೇ ಬಿಟ್ಟವಳು. ಆವತ್ತು ನೀನು ಫೋನಿನಲ್ಲಿ ಅತ್ತದ್ದನ್ನು ಮರೆತಿಲ್ಲ.

ಅಂಥವಳು ಈಗ ಏನು ಮಾಡುತ್ತಿದ್ದೇನೆ ಗೊತ್ತೇ? ಬಡವರ ಕಣ್ಣಿನ ಆಪರೇಷನ್ನಿಗೆ ಮನೆಮನೆ ತಿರುಗಿ ಚಂದಾ ಎತ್ತುತ್ತಿದ್ದೇನೆ! ನಗಬೇಡ. ಇಲ್ಲಿನ ನಮ್ಮ ವಠಾರದಲ್ಲೇ ಹುಟ್ಟಿ ಬೆಳೆದ ಸಂಧ್ಯಾ ಒಂದು ಸಣ್ಣ ಕಣ್ಣಿನ ಟ್ರಸ್ಟಿನಲ್ಲಿ ಕೆಲಸ ಮಾಡುತ್ತಾಳೆ. ಕನ್ನಡದವರ ಮನೆಗಳಲ್ಲಿ ತನ್ನ ಹಿಂದಿ ಬೆರೆತ ಕನ್ನಡಕ್ಕಿಂತ ನನ್ನ ಮುಖ ನಡೆಯುತ್ತದೆಂದು ಎಳೆದುಕೊಂಡು ಹೋದಳು. "ಅಜ್ಜೀ, ಸಂಭಲ್‌ಕೇ, ಇಲ್ಲೊಂದು ಸೀಢಿ ಇದೆ" ಎಂದು ಅವಳು ಮೆಟ್ಟಿಲು ಮೆಟ್ಟಿಲಿಗೂ ಎಚ್ಚರಿಸಿ ಕೈಹಿಡಿದು ನಡೆಸುವುದು, ನಾನು ಬಾಗಿಲು ತಟ್ಟಿ ಕಣ್ಣಿನ ಮಹಿಮೆ ಹೇಳುವುದು. ಸೋನಾರ್‌ಪುರದ ಸೀರೆ ಅಂಗಡಿಯವನು ನನ್ನನ್ನೇ ರೋಗಿಯೆಂದುಕೊಂಡು ಕುರ್ಚಿ, ಚಹಾ ಎರಡನ್ನೂ ಕೊಟ್ಟ. ಕುಡಿದೆ, ಬಿಡುವುದೇಕೆ? ಹರಿಶ್ಚಂದ್ರ ಘಾಟಿನ ಹತ್ತಿರ ಧಾರವಾಡದ ಕಡೆಯ ಮುದುಕಿಯೊಬ್ಬಳು "ಸಾಯಾಕ ಬಂದವ್ರಿಗೆ ಕಣ್ಯಾಕ್ರೀ" ಎಂದು ಬಾಗಿಲು ಹಾಕಿಕೊಂಡಳು. ನಾನು ನಿನಗೆ ಹೇಳುತ್ತಿದ್ದ ಮಾತೇ ಅದು. ಇನ್ನೊಬ್ಬರ ಬಾಯಲ್ಲಿ ಕೇಳಲು ಚೆನ್ನಾಗಿರಲಿಲ್ಲ.

ಪುರೋಹಿತರ ಮನೆಗಳಲ್ಲಿ ಇಳಿದ ಯಾತ್ರಿಕರಿಗೆ ಒಂದು ಉಪಾಯ ಹೂಡಿದೆ. ಹೇಗೂ ತಿನ್ನದ ಹಾಗಲಕಾಯಿ ಬಿಡುವ ಬದಲು ನೂರು ರೂಪಾಯಿ ಬಿಡಿ ಎಂದು ಕಾಡಿದೆ. ಜನ ನಕ್ಕು ಕೊಟ್ಟರು. ನಿನ್ನೆ ಶಂಕರನಾರಾಯಣ ಭಟ್ಟರ ಪಡಸಾಲೆಯಲ್ಲಿ ಹೀಗೇ ಹೇಳುತ್ತಿದ್ದಾಗ ಅವರು, "ಅಮ್ಮಾ, ನೀವೇನು ಬಿಟ್ರಿ?" ಎಂದು ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ. ಅವರು ನಗಲಿಲ್ಲ. "ಪ್ರೀತಿ ಇದ್ದದ್ದನ್ನ ಬಿಟ್ರೆ ವ್ರತ. ಹೆದರಿಕೆ ಇದ್ದದ್ದನ್ನ ಬಿಟ್ರೆ ಅದ್ಯಾವ ವ್ರತ? ಗಂಗಮ್ಮ ಅದನ್ನ ಒಪ್ಪಿಕೊಂಡಿರೋದೇ ಇಲ್ಲ" ಎಂದರು. ಅಷ್ಟು ಜನರ ಮುಂದೆ! ಮೈಯೆಲ್ಲ ಉರಿದುಹೋಯಿತು. ಬಂದವಳು ಊಟವನ್ನೂ ಮಾಡಲಿಲ್ಲ. ಆದರೆ ಅವರು ಹೇಳಿದ್ದು ನಿಜ ಕಣೇ. ನಿನ್ನಪ್ಪ ಆಪರೇಷನ್ ಕೋಣೆಯೊಳಗೆ ನಡೆದುಕೊಂಡು ಹೋದವರು ನಡೆದು ಹೊರಗೆ ಬರಲಿಲ್ಲ. ಅಂದಿನಿಂದ ಆ ಬಾಗಿಲೆಂದರೆ ನನಗೆ ಭಯ. ಆ ಭಯಕ್ಕೆ ದೇವರ ಹೆಸರಿಟ್ಟು ನಿನ್ನನ್ನು ಅಳಿಸಿದೆ. ತಪ್ಪಾಯಿತು.

ಚಂದಾ ಚೆನ್ನಾಗಿಯೇ ಕೂಡಿದೆ, ಇದೇ ತಿಂಗಳು ಶಿಬಿರ ಮಾಡಬಹುದೆಂದು ಸಂಧ್ಯಾ ಕುಣಿಯುತ್ತಿದ್ದಾಳೆ. ಅಳಿಯಂದಿರಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ವಿಶ್ವನಾಥ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಅಂಬುಜಾಕ್ಷಿ

ತಾ.ಕ.: ಅಂಚೆ ತಡವಾದೀತೆಂದು ಸಂಧ್ಯಾ ಇದರ ಫೋಟೋ ತೆಗೆದು ನಿನ್ನ ಮೊಬೈಲಿಗೆ ಕಳಿಸುತ್ತಾಳೆ. ಶಿಬಿರದ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಹದಿನೆಂಟು, ಸೋಮವಾರ, ಬಲಗಣ್ಣು. ಮನೆಯವರೊಬ್ಬರು ಜೊತೆಗಿರಬೇಕಂತೆ. ತಾನೇ ಇರುತ್ತೇನೆ ಎಂದಳು ಸಂಧ್ಯಾ. ಬೇಡ, ನನ್ನ ಮಗಳು ಬರುತ್ತಾಳೆ ಎಂದುಬಿಟ್ಟೆ, ನಿನ್ನನ್ನು ಕೇಳದೆಯೇ. ಬರುತ್ತೀ ಅಲ್ಲವೇ? ನೀನು ಬಾಗಿಲಿನವರೆಗೆ ಕೈಹಿಡಿದಿದ್ದರೆ ಒಳಗೆ ಹೋಗುತ್ತೇನೆ.